ದಫ್ತರದ ಕೋಣೆಯ ಮುನಿಶಾಮಣ್ಣ

ಮುನಿಶಾಮಣ್ಣನ ಜೊತೆ ಮಾತಿಗೆ ಕೂತವರು ತಮ್ಮ ಪಂಚೆಯ ಅಂಚನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಕೂರಬೇಕಾಗಿತ್ತು. ಇಲ್ಲದಿದ್ದರೆ ಎದ್ದು ಹೊರಡುವ ಹೊತ್ತಿಗೆ ಅದರಲ್ಲೊಂದು ಗಂಟು ಬಿದ್ದಿರುತ್ತಿತ್ತು. ಹಾಕಿದವನು ಅವನೇ, ಆದರೆ ಹಾಕಿದ್ದು ಅವನಿಗೇ ಗೊತ್ತಿರುತ್ತಿರಲಿಲ್ಲ. ಬಾಯಿ ಊರಿನ ಸುದ್ದಿ ಹೇಳುತ್ತಿದ್ದರೆ ಬೆರಳುಗಳು ತಮ್ಮ ಪಾಡಿಗೆ ತಾವು ಕೈಗೆ ಸಿಕ್ಕ ದಾರ, ಬಾಳೆನಾರು, ಟವಲಿನ ಚುಂಗು, ಏನಾದರೊಂದನ್ನು ಹೆಣೆದು ಬಿಗಿಯುತ್ತಿದ್ದವು. ಒಮ್ಮೆ ನಮ್ಮ ಹೆಡ್ ಗುಮಾಸ್ತರ ಕೊಡೆಯ ಪಟ್ಟಿಗೆ ಎಂಥ ಗಂಟು ಬಿತ್ತೆಂದರೆ, ಆ ಸಂಜೆಯ ಜಡಿಮಳೆಯಲ್ಲಿ ಅವರು ಕೊಡೆಯನ್ನು ದೊಣ್ಣೆಯ ಹಾಗೆ ಹಿಡಿದುಕೊಂಡು, ನೆನೆಯುತ್ತಲೇ ಮನೆ ಸೇರಿದರು.

ಇದು ಬಂಗಾರಪೇಟೆಯ ಮಾತು, ಎರಡನೆಯ ಯುದ್ಧ ಶುರುವಾಗುವುದಕ್ಕೆ ಇನ್ನೂ ಕೆಲವು ವರ್ಷ ಇದ್ದಾಗಿನದು. ಸ್ಟೇಷನ್ನಿನ ಹಿಂದೆ ನಮ್ಮ ಕಚೇರಿ. ಯಾವ ಕಚೇರಿ ಎಂದು ಕೇಳಬೇಡಿ, ಹೇಳುವುದಿಲ್ಲ. ಈಗ ಅದೂ ಇಲ್ಲ, ಅದನ್ನು ಬೈದು ನನಗೆ ಆಗಬೇಕಾದದ್ದೂ ಏನಿಲ್ಲ. ಚಿನ್ನದ ಗಣಿಗೆ, ರೈಲು ದಾರಿಗೆ, ನೀರಿನ ಕೊಳವೆಗೆ ಎಂದು ಸುತ್ತಿನ ಹಳ್ಳಿಗಳ ಜಮೀನು ಹೋದ ಕಾಲದಿಂದ ಹುಟ್ಟಿದ ಕಾಗದವೆಲ್ಲ ಅಲ್ಲಿ ಬಂದು ಸೇರಿತ್ತು. ಯಾರ ಹೊಲ ಎಲ್ಲಿತ್ತು, ಯಾವ ಕೆರೆ ಕುಂಟೆ ಮುಚ್ಚಿದರು, ಯಾವ ಊರನ್ನು ಎಬ್ಬಿಸಿ ಎಲ್ಲಿ ಕೂರಿಸಿದರು, ಯಾರು ಹುಟ್ಟಿದರು, ಯಾರು ಸತ್ತರು, ಯಾರು ಎಲ್ಲಿಂದ ಬುತ್ತಿ ಕಟ್ಟಿಕೊಂಡು ಗಣಿ ಕೆಲಸಕ್ಕೆ ಬಂದರು, ಎಲ್ಲ. ಸುಮಾರು ಐವತ್ತು ವರ್ಷದ ಕಾಗದ. ಕೆಂಪು ಬಟ್ಟೆಯಲ್ಲಿ ಸುತ್ತಿ, ನೂಲಿನ ಹುರಿಯಿಂದ ಕಟ್ಟಿ, ಒಂದು ಕತ್ತಲೆ ಕೋಣೆಯಲ್ಲಿ ಸೂರಿನವರೆಗೂ ಪೇರಿಸಿದ್ದರು. ಯಾವ ಕಟ್ಟಿನ ಮೇಲೂ ಒಂದು ಅಕ್ಷರವಿಲ್ಲ. ಪಟ್ಟಿ ಎಂಬುದೇ ಇರಲಿಲ್ಲ. ಇದ್ದದ್ದು ದಫ್ತರದ ಮುನಿಶಾಮಣ್ಣ ಒಬ್ಬನೇ.

ನಾನು ಆಗ ತಾನೇ ಬಿ.ಎ. ಮುಗಿಸಿ ಗುಮಾಸ್ತನಾಗಿ ಬಂದಿದ್ದೆ. ಬಿ.ಎ. ಎಂದರೆ ಆ ಕಾಲಕ್ಕೆ ಸಣ್ಣ ಮಾತಲ್ಲ. ಅದರಲ್ಲೂ ಚರಿತ್ರೆ ಓದಿದ್ದೆ. ಬಂಗಾರಪೇಟೆಗೆಲ್ಲ ನಾನೊಬ್ಬನೇ ಬುದ್ಧಿವಂತ ಅಂದುಕೊಂಡು, ಕುತ್ತಿಗೆಯವರೆಗೂ ಗುಂಡಿ ಹಾಕಿಕೊಂಡು ಓಡಾಡುತ್ತಿದ್ದೆ. ಸೇರಿದ ಮೂರನೆಯ ದಿನ ಕ್ಯಾಸಂಬಳ್ಳಿ ಕಡೆಯ ಒಂದು ಕೆರೆಯ ಹಳೆಯ ಕಾಗದ ಬೇಕಾಯಿತು. ಆ ರಾಶಿಯನ್ನು ನೋಡಿ, ಇದು ಒಂದು ವಾರದ ಕೆಲಸ ಅಂದುಕೊಂಡೆ.

“ಅದ್ಕೇನ್ ಸೋಮಿ, ಕುಂತಿರಿ. ತಂದ್‌ಕೊಡ್ತೀನಿ” ಎಂದ ಮುನಿಶಾಮಣ್ಣ. ಒಂದು ಕಾಲು ಎಳೆಯುತ್ತ ಕೋಣೆಯೊಳಕ್ಕೆ ಹೋದ. ದೀಪ ಕೂಡ ಹಚ್ಚಲಿಲ್ಲ. ನನ್ನ ಲೋಟದ ಕಾಫಿ ಆರುವುದರೊಳಗೆ ಕಟ್ಟನ್ನು ತಂದು ಮೇಜಿನ ಮೇಲಿಟ್ಟ. ಅದೇ ಕೆರೆ, ಅದೇ ಕಾಗದ.

ಸಣಕಲು ಮೈ, ಮಾಸಿದ ಖಾಕಿ ಕೋಟು, ತಲೆಗೊಂದು ಬಿಳಿ ರುಮಾಲು, ಮೂಗಿನ ಮೇಲೆ ತಂತಿಯ ಕನ್ನಡಕ. ಮಾರಿಕುಪ್ಪಂ ಕಡೆಯ ಚಿಂತಕುಂಟೆ ಅವನ ಊರು. ದಿನಾ ಬೆಳಿಗ್ಗೆ ಗಣಿಯ ರೈಲಿನಲ್ಲಿ ಬಂದು ಇಳಿಯುತ್ತಿದ್ದ. ಮನೆಯಲ್ಲಿ ಹೆಂಡತಿಯ ಜೊತೆ ತೆಲುಗು, ರೈಲಿನಲ್ಲಿ ಪಕ್ಕದವರ ಜೊತೆ ತಮಿಳು, ನಮ್ಮ ಜೊತೆ ಕನ್ನಡ. ಸಿಟ್ಟು ಬಂದಾಗ ಮಾತ್ರ ಮೂರೂ ಕಲಸಿಹೋಗಿ, ಬೈಸಿಕೊಂಡವನಿಗೆ ಮೂರರಲ್ಲಿ ಒಂದು ಪಾಲು ಮಾತ್ರ ತಿಳಿಯುತ್ತಿತ್ತು.

ಹರೆಯದಲ್ಲಿ ಅವನು ಗಣಿಯ ಬಾಯಲ್ಲಿ ಹಗ್ಗದ ಕೆಲಸಕ್ಕಿದ್ದನಂತೆ. ಕೆಳಕ್ಕೆ ಇಳಿಸುವ ಮರದ ದಿಮ್ಮಿ, ಕಬ್ಬಿಣ, ಪೀಪಾಯಿ ಎಲ್ಲಕ್ಕೂ ಹಗ್ಗ ಬಿಗಿಯುವುದು ಅವನ ಪಾಲು. “ನಾನ್ ಆಕಿದ್ ಗಂಟು ಕೆಳಗಿದ್ದೋರ್ ತಲೆ ಮ್ಯಾಲೆ ಒಂದು ದಿನಾನೂ ಬಿಚ್ಕಂಡಿಲ್ಲ ಸೋಮಿ” ಎನ್ನುತ್ತಿದ್ದ. ಒಂದು ದಿನ ದಿಮ್ಮಿ ಜಾರಿ ಅವನದೇ ಎಡಗಾಲಿನ ಮೇಲೆ ಬಿತ್ತು. “ಅದು ನಾನ್ ಆಕಿದ್ ಗಂಟಲ್ಲ” ಎಂದು ಸೇರಿಸುವುದನ್ನು ಮಾತ್ರ ಅವನು ಯಾವತ್ತೂ ಮರೆಯಲಿಲ್ಲ. ಕಾಲು ಎಳೆಯುವವನಿಗೆ ಗಣಿಯಲ್ಲಿ ಏನು ಕೆಲಸ? ಯಾರೋ ಪುಣ್ಯಾತ್ಮರು ಹೇಳಿ ನಮ್ಮ ಕಚೇರಿಗೆ ಸೇರಿಸಿದರು. ನಾನು ಬರುವ ಹೊತ್ತಿಗೆ ಅವನು ಆ ಕೋಣೆಯಲ್ಲಿ ಮೂವತ್ತು ವರ್ಷ ಕಳೆದಿದ್ದ.

ಕಾಗದದ ವಿಷಯದಲ್ಲಿ ಅವನಷ್ಟು ಕಟ್ಟುನಿಟ್ಟಿನ ಮನುಷ್ಯನನ್ನು ನಾನು ಕಂಡಿಲ್ಲ. ಹೆಡ್ ಗುಮಾಸ್ತರು ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುಗಿಸುತ್ತಿದ್ದರು. ಮುನಿಶಾಮಣ್ಣ ಒಂದು ಮಾತೂ ಆಡದೆ ಅವರ ಮುಂದೆ ಬಟ್ಟಲಲ್ಲಿ ನೀರು, ಪಕ್ಕದಲ್ಲೊಂದು ಒಣಗಿದ ಬಟ್ಟೆ ತಂದಿಟ್ಟು ಕೈಕಟ್ಟಿ ನಿಲ್ಲುತ್ತಿದ್ದ, ಅವರು ಬೆರಳು ತೊಳೆದು ಒರೆಸಿಕೊಳ್ಳುವ ತನಕ. “ಅಳೇ ಕಾಗ್ದ ಅಂದ್ರೆ ಅಸಿ ಬಾಣಂತಿ ಇದ್ದಂಗೆ. ನೀರು, ಗಾಳಿ, ಕಂಡೋರ್ ಕೈ, ಮೂರೂ ಸೋಕ್ಬಾರ್ದು” ಎನ್ನುವುದು ಅವನ ಮಾತು. ಒಮ್ಮೆ ನಾನು ಒಂದು ಅರ್ಜಿಯ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಸಣ್ಣ ಗುರುತು ಹಾಕಿದೆ. ಸಾಸಿವೆಯಷ್ಟು ಗುರುತು. ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟ. ಅಳಿಸಿಬಿಡುತ್ತೇನೆ ಬಿಡು ಮಹರಾಯ ಎಂದರೆ, “ಅಳಿಸಿದ್ರೆ ಅದಕ್ಕೆ ಗಾಯ ಆದ್ದು ಓಯ್ತದಾ ಸೋಮಿ?” ಎಂದು ಕೇಳಿದ.

ಅದೆಲ್ಲ ಸರಿ, ಆದರೆ ಕಾಗದ ಹುಡುಕುವುದು ಹೇಗೆ? ಈ ಪ್ರಶ್ನೆ ನನ್ನ ತಲೆಗೆ ಹುಳ ಬಿಟ್ಟಿತು. ಪಟ್ಟಿ ಇಲ್ಲ, ಗುರುತಿನ ಚೀಟಿ ಇಲ್ಲ, ದೀಪವೂ ಇಲ್ಲ. ಯಾವ ಕಟ್ಟು ಎಲ್ಲಿದೆ ಎಂಬ ಜಾಗದ ನೆನಪೇ ಇರಬೇಕು ಎಂದು ಮೊದಲು ತೀರ್ಮಾನಿಸಿದೆ. ಅವನು ಊಟಕ್ಕೆ ಹೋದಾಗ ಕಳ್ಳನ ಹಾಗೆ ಒಳಕ್ಕೆ ನುಗ್ಗಿ, ಮೂಡಣ ಗೋಡೆಯ ಒಂದು ಕಟ್ಟನ್ನು ಎತ್ತಿ ಕಿಟಕಿಯ ಕೆಳಗೆ ತುರುಕಿ ಬಂದೆ. ಸಂಜೆ ಏನೂ ಅರಿಯದವನ ಹಾಗೆ ಅದೇ ಕಟ್ಟನ್ನು ಕೇಳಿದೆ. ಸ್ವಲ್ಪ ತಡವಾಯಿತು ಅಷ್ಟೇ. ತಂದು ಮೇಜಿನ ಮೇಲಿಟ್ಟು, “ನಮ್ಮ ಕೋಣೆ ಇಲಿಗೆ ಇಷ್ಟು ಬಲ ಎಂಗ್ ಬಂತು ಸೋಮಿ?” ಎಂದ. ನಾನು ಕಡತದೊಳಗೆ ತಲೆ ಹುದುಗಿಸಿಕೊಂಡೆ.

ಆಮೇಲೆ ವಾಸನೆಯಿರಬೇಕು ಅಂದುಕೊಂಡೆ. ಅವನಿಗೆ ನೆಗಡಿಯಾಗಿ ಮೂಗು ಕಟ್ಟಿದ ವಾರವೂ ಕಾಗದಗಳು ಸಿಕ್ಕವು. ಕೊನೆಗೆ ತೂಕ ಎಂದು ನಿರ್ಧರಿಸಿದೆ. ಮೂವತ್ತು ವರ್ಷ ಎತ್ತಿ ಇಳಿಸಿದ ಕೈಗೆ ಪ್ರತಿಯೊಂದು ಕಟ್ಟಿನ ತೂಕವೂ ಗೊತ್ತಿರುತ್ತದೆ, ಇನ್ನೇನು? ಹೀಗೆ ನಾನೇ ಪ್ರಶ್ನೆ ಹಾಕಿ, ನಾನೇ ಉತ್ತರ ಕೊಟ್ಟು, ನಾನೇ ಸಂತೋಷಪಟ್ಟುಕೊಂಡೆ. ಅವನನ್ನು ಕೇಳಿದರೆ “ಎಂಗೋ ಸಿಕ್ತದೆ ಬಿಡಿ” ಎಂಬ ಒಂದೇ ಮಾತು.

ಒಂದು ದಿನ ನನ್ನ ಕನ್ನಡಕ ಮನೆಯಲ್ಲೇ ಮರೆತು ಬಂದಿದ್ದೆ. ಸಣ್ಣ ಅಕ್ಷರದ ಕಾಗದವೊಂದು ಎದುರಿಗಿತ್ತು. ಮುನಿಶಾಮಣ್ಣ ಕಾಫಿ ತರಲು ಹೋಗಿದ್ದ, ಅವನ ಕನ್ನಡಕ ಸ್ಟೂಲಿನ ಮೇಲಿತ್ತು. ತೆಗೆದು ಹಾಕಿಕೊಂಡೆ. ಅಕ್ಷರ ದೊಡ್ಡದೂ ಆಗಲಿಲ್ಲ, ಚಿಕ್ಕದೂ ಆಗಲಿಲ್ಲ. ತೆಗೆದು ನೋಡಿದೆ, ಮತ್ತೆ ಹಾಕಿ ನೋಡಿದೆ. ಏನೂ ವ್ಯತ್ಯಾಸವಿಲ್ಲ. ತಲೆ ಎತ್ತಿದರೆ ಬಾಗಿಲಲ್ಲಿ ಎರಡು ಲೋಟ ಹಿಡಿದುಕೊಂಡು ಅವನು ನಿಂತಿದ್ದ.

“ಕಿಟಕಿ ಗಾಜು ಸೋಮಿ” ಎಂದ ಮೆಲ್ಲಗೆ. “ದೇವ್ರ್ ಪಟಕ್ಕೆ ಕಟ್ಟು ಆಕ್ತಾನಲ್ಲ ಬಜಾರ್ನಾಗೆ, ಅವ್ನ್ ತಾವ ಕುಯ್ಸಿದ್ದು.”

“ಯಾಕೆ ಮುನಿಶಾಮಣ್ಣ?”

“ಕನ್ನಡ್ಕ ಆಕಿರೋನ್ನ ಓದಾಕ್ ಬತ್ತದಾ ಅಂತ ಯಾರೂ ಕೇಳಲ್ಲ.”

ಲೋಟಗಳನ್ನು ಕೆಳಗಿಟ್ಟು, ಬಾಗಿಲು ಮುಂದೆ ಮಾಡಿ ಬಂದು ನನ್ನೆದುರು ಕುಕ್ಕರಗಾಲಲ್ಲಿ ಕೂತ. ಸೇರಿಸಿಕೊಳ್ಳುವಾಗ ಆಗಿನ ಸಾಹೇಬರು “ಓದಲು ಬರುತ್ತದಾ?” ಎಂದು ಕೇಳಿದ್ದರಂತೆ. ಕಾಲು ಮುರಿದಿತ್ತು, ಮನೆಯಲ್ಲಿ ಹಸಿದ ಹೊಟ್ಟೆಗಳಿದ್ದವು. ಬತ್ತದೆ ಅಂದುಬಿಟ್ಟ. ಅದೊಂದೇ ಸುಳ್ಳು. ಅದನ್ನು ಮೂವತ್ತು ವರ್ಷ ಮೂಗಿನ ಮೇಲೆ ಹೊತ್ತುಕೊಂಡು ತಿರುಗಿದ್ದ.

“ಗೊತ್ತಾದ್ರೆ ಸುಳ್‌ಗಾರ ಅಂತ ಕತ್ತು ಇಡಿದು ಆಚೆಗ್ ಆಕ್ತಾರೆ ಸೋಮಿ. ಇನ್ನೆಲ್ಡು ವರ್ಸ ಐತೆ. ಮರ್ವಾದೆಯಾಗಿ ಈ ಬಾಗ್ಲು ನಾನೇ ಆಕಿ, ಬೀಗದ್ ಕೈ ನಾನೇ ಕೊಟ್ಟು ಓಗ್ಬೇಕು. ಅದೊಂದೇ ಆಸೆ. ಯಾರ್ಗೂ ಏಳ್ಬ್ಯಾಡಿ.”

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಅವನು ಕನ್ನಡಕ ಹಾಕಿಕೊಂಡು ಎದ್ದು ಹೋದ ಮೇಲೆ ನೋಡಿದರೆ ನನ್ನ ಕೋಟಿನ ದಾರಕ್ಕೆ ಎರಡು ಗಂಟು ಬಿದ್ದಿದ್ದವು.

ಹೀಗಿರುವಾಗ ಹೊಸ ಸಾಹೇಬರೊಬ್ಬರು ಬಂದರು. ಮೂರು ಜಿಲ್ಲೆ ತಿರುಗಿದವರು, ಅಚ್ಚುಕಟ್ಟಿನ ಮನುಷ್ಯ. ದಫ್ತರದ ಕೋಣೆಗೆ ಇಣುಕಿ ನೋಡಿ, “ಏನ್ರೀ ಇದು, ಒಗೆಯುವ ಬಟ್ಟೆಯ ಮೂಟೆ ಪೇರಿಸಿದ ಹಾಗಿದೆ. ಬಿ.ಎ. ಓದಿದವರು ನೀವಿದ್ದೀರಿ. ಎಲ್ಲ ಬಿಚ್ಚಿಸಿ, ಧೂಳು ಹೊಡೆಸಿ, ಹೊಸ ಬಟ್ಟೆ ಲಾಡಿಯಲ್ಲಿ ಒಂದೇ ಸಮನಾಗಿ ಕಟ್ಟಿಸಿ, ಮೇಲೆ ಚೀಟಿ ಅಂಟಿಸಿ. ಬರುವ ಸೋಮವಾರ ನಾನೇ ಬಂದು ತನಿಖೆ ಮಾಡುತ್ತೇನೆ” ಎಂದರು.

ಮುನಿಶಾಮಣ್ಣ ಆ ವಾರ ಮಗಳ ಹೆರಿಗೆಗೆಂದು ರಜೆಯ ಮೇಲಿದ್ದ. ಅವನಿಗೂ ಒಂದು ಉಪಕಾರವಾಗಲಿ ಎಂದು ನಾನು ಉಬ್ಬಿಹೋದೆ. ಎರಡು ಆಳು ಹಿಡಿದು ಕೆಲಸ ಶುರುಮಾಡಿದೆ. ಗಂಟುಗಳು ಒಂದರ ಹಾಗೆ ಒಂದಿರಲಿಲ್ಲ, ಬಿಚ್ಚಲು ಹೋದರೆ ಉಗುರು ಕಿತ್ತು ಬರುವಂಥವು. ಈ ಮುದುಕನ ಚಟಕ್ಕಿಷ್ಟು ಎಂದು ಗೊಣಗಿಕೊಂಡೆ. ಮಧ್ಯಾಹ್ನದ ಹೊತ್ತಿಗೆ ತಾಳ್ಮೆ ತಪ್ಪಿ ಆಳುಗಳ ಕೈಗೆ ಕತ್ತರಿ ಕೊಟ್ಟೆ. ಕತ್ತರಿ ಕೊಟ್ಟವನು ನಾನೇ. ಇದನ್ನು ಬೇರೆ ಯಾರ ತಲೆಗೂ ಕಟ್ಟುವುದಿಲ್ಲ.

ಶನಿವಾರ ಬೆಳಿಗ್ಗೆ ಅವನು ಬಂದ. ಮೊಮ್ಮಗಳು ಹುಟ್ಟಿದ ಖುಷಿಗೆ ಎಲೆಯಲ್ಲಿ ಬೆಲ್ಲ ಕಟ್ಟಿಕೊಂಡು ಬಂದಿದ್ದ. ಎಲ್ಲರಿಗೂ ಕೊಟ್ಟು ಕೋಣೆಯೊಳಕ್ಕೆ ಹೋದ. ಎಷ್ಟು ಹೊತ್ತಾದರೂ ಸದ್ದಿಲ್ಲ. ನನ್ನ ಕೆಲಸ ಕಂಡು ಬೆರಗಾಗಿ ನಿಂತಿರಬೇಕು ಎಂದು ಹೋಗಿ ನೋಡಿದೆ. ಅವನು ಒಂದು ಕಟ್ಟಿನ ಮೇಲೆ ಕೈಯಿಟ್ಟು ಬೆರಳಾಡಿಸಿದ, ಬಿಟ್ಟ. ಪಕ್ಕದ್ದನ್ನು ಮುಟ್ಟಿದ, ಬಿಟ್ಟ. ಹಾಗೆಯೇ ಒಂದು ಸಾಲು ಪೂರ್ತಿ ಮುಟ್ಟಿ, ನೆಲದ ಮೇಲೆ ಕೂತುಬಿಟ್ಟ.

“ಎಲ್ಲಾ ಒಂದೇ ತರ ಮಾತಾಡ್ತಾವಲ್ಲ ಸೋಮಿ” ಎಂದ.

ಮೂಲೆಯಲ್ಲಿ ಕತ್ತರಿಸಿದ ಹುರಿಗಳ ಗುಡ್ಡೆ ಬಿದ್ದಿತ್ತು. ಅದರೊಳಗಿಂದ ಒಂದು ಗಂಟನ್ನು ಆರಿಸಿ ಅಂಗೈಯಲ್ಲಿಟ್ಟುಕೊಂಡು ನೋಡಿದ. ಆಗ ನನಗೆ ತಿಳಿಯಿತು. ಅಯ್ಯೋ ದೇವರೇ, ಪಟ್ಟಿ ಇಲ್ಲ ಎಂದು ಹೇಳಿದವರು ಯಾರು? ಕೋಣೆ ತುಂಬ ಪಟ್ಟಿಯೇ ಇತ್ತು, ಪ್ರತಿಯೊಂದು ಕಟ್ಟಿನ ಮೇಲೂ ಇತ್ತು. ಐವತ್ತು ವರ್ಷದ ಕಾಗದಕ್ಕೆ ಒಬ್ಬ ಮನುಷ್ಯ ಮೂವತ್ತು ವರ್ಷ ಕೂತು ಮಾಡಿದ ಪಟ್ಟಿಯನ್ನು ಚರಿತ್ರೆ ಓದಿದ ನಾನು ಕತ್ತರಿಯಿಂದ ಕತ್ತರಿಸಿ ಮೂಲೆಗೆ ಗುಡಿಸಿದ್ದೆ. ನನ್ನ ಜನ್ಮದಲ್ಲಿ ಅಷ್ಟು ನಾಚಿಕೆ ನನಗೆ ಮತ್ತೆಂದೂ ಆಗಿಲ್ಲ.

ಅವನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. “ಸೋಮ್ವಾರ ಸಾಯೇಬ್ರು ಬಂದು, ಮುನಿಶಾಮಿ ಅದ್ ತಾ ಇದ್ ತಾ ಅಂದ್ರೆ ಏನ್ ಮಾಡ್ಲಿ?” ಎಂದಷ್ಟೇ ಕೇಳಿದ. ಉತ್ತರ ಇಬ್ಬರಿಗೂ ಗೊತ್ತಿತ್ತು. ಒಂದು ಕಟ್ಟನ್ನು ತರಲಾರದೆ ನಿಂತರೆ ಚೀಟಿ ಓದು ಎನ್ನುತ್ತಾರೆ. ಅಲ್ಲಿಗೆ ಬೀಗದ ಕೈ ಹೋಯಿತು.

“ನಾಳೆ ಭಾನುವಾರ. ನಾನು ಬರುತ್ತೇನೆ, ನೀನೂ ಬಾ” ಎಂದೆ.

ಭಾನುವಾರ ಮೊದಲ ರೈಲಿಗೇ ಬಂದ. ಒಳಗಿಂದ ಅಗುಳಿ ಹಾಕಿಕೊಂಡೆವು. ನಾನು ಒಂದು ಕಟ್ಟು ತೆಗೆದು ಮೇಲಿನ ಚೀಟಿ ಓದಲು ಹೋದರೆ ತಡೆದ.

“ಮ್ಯಾಲಿಂದು ಬ್ಯಾಡ ಸೋಮಿ. ಬಿಚ್ಚಿ ವೊಳಗಿಂದು ಓದಿ.”

“ಚೀಟಿ ನಾನೇ ಬರೆದಿದ್ದು ಕಣೋ.”

“ಅದ್ಕೇ ಏಳಿದ್ದು.”

ಬಾಯಿ ಮುಚ್ಚಿಕೊಂಡು ಬಿಚ್ಚಿದೆ. ಒಳಗಿನ ಮೊದಲ ಕಾಗದ ಓದುತ್ತಿದ್ದೆ, ಅವನು ಕೇಳಿಸಿಕೊಂಡು, ನನ್ನ ಹೊಸ ಲಾಡಿಯ ತುದಿಗಳಲ್ಲೇ ತನ್ನ ಗಂಟು ಹಾಕುತ್ತಿದ್ದ. ಹಿಂದೆಯೂ ಹೀಗೆಯೇ, ಗುಮಾಸ್ತರು ಮೇಲಿನ ಕಾಗದ ಓದುವುದನ್ನು ಕೇಳಿಸಿಕೊಂಡೇ ಕಟ್ಟಿದ್ದನಂತೆ. ಹಾಕುತ್ತ ಹಾಕುತ್ತ ಹೇಳಿಕೊಟ್ಟ. ಜಮೀನಿನ ಕಾಗದಕ್ಕೆ ಎತ್ತಿನ ಕೊರಳಿಗೆ ಹಾಕುವ ಗಂಟು. ಕೆರೆ, ಕುಂಟೆ, ಬಾವಿಗೆ ಕೊಡದ ಕುಣಿಕೆ. ಹುಟ್ಟಿದವರ ಪಟ್ಟಿಗೆ ತೊಟ್ಟಿಲ ಗಂಟು. ಸತ್ತವರದಕ್ಕೆ ಚಟ್ಟಕ್ಕೆ ಬಿಗಿಯುವ ಗಂಟು, ಅದನ್ನು ಮಾತ್ರ ಎಡಗೈಯಿಂದಲೇ ಹಾಕುತ್ತಿದ್ದ. ಸೇಲಂ ಕಡೆಯಿಂದ, ಚಿತ್ತೂರು ಕಡೆಯಿಂದ ಗಣಿ ಕೆಲಸಕ್ಕೆ ಬಂದವರ ಪಟ್ಟಿಗೆ ಬುತ್ತಿಯ ಗಂಟು. “ಊರು ಬಿಟ್ಟು ಬಂದೋರ್ ಕೈನಾಗೆ ಇನ್ನೇನಿತ್ತು ಸೋಮಿ?” ಎಂದ. ಊರೂರಿಗೆ ಸುತ್ತುಗಳ ಲೆಕ್ಕ. ಕ್ಯಾಸಂಬಳ್ಳಿ ಕಡೆಗೆ ಮೂರು ಸುತ್ತು, ಬಂಗಾರಪೇಟೆ ಪೇಟೆಯೊಳಗಿನದಕ್ಕೆ ಒಂದೇ ಸುತ್ತು, ತೀರ ಹಳೆಯ ಕಾಗದವಾದರೆ ತುದಿ ಮಡಚಿ ಒಳಕ್ಕೆ. ನನಗೆ ಹೊಸ ಲಿಪಿಯೊಂದನ್ನು ಕಲಿಯುವಷ್ಟು ಕುತೂಹಲ. ಕೇಳಿದ್ದೇ ಕೇಳಿದೆ, ಅವನು ಹೇಳಿದ್ದೇ ಹೇಳಿದ. ಮಧ್ಯಾಹ್ನ ಇಬ್ಬರೂ ಅವನ ಹೆಂಡತಿ ಕಟ್ಟಿಕೊಟ್ಟಿದ್ದ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ತಿಂದು ಮತ್ತೆ ಕೂತೆವು.

ಬಿಸಿಲು ಇಳಿಯುತ್ತಿದ್ದಾಗ ಒಂದು ಹಳೆಯ ಕಟ್ಟಿನ ನಡುವಿನಿಂದ ಒಂದು ಅರ್ಜಿ ಜಾರಿ ಬಿತ್ತು. ನಾನು ಎಂದಿನಂತೆ ಓದುತ್ತ ಹೋದೆ. ಚಿಂತಕುಂಟೆಯವರು ಬರೆಸಿಕೊಂಡಿದ್ದು. ಊರನ್ನು ಎಬ್ಬಿಸಿ ಹೊಸ ಜಾಗದಲ್ಲಿ ಕೂರಿಸಿದ ಮೇಲೆ, ಹಿಂದೆ ಮಕ್ಕಳಿಗೆ ಪಾಠ ಹೇಳುತ್ತಿದ್ದ ಅಯ್ಯನವರು ಹೊರಟುಹೋಗಿದ್ದಾರೆ, ಮಕ್ಕಳು ದನದ ಹಿಂದೆ ಅಲೆಯುತ್ತಿದ್ದಾರೆ, ದೊರೆಗಳು ದಯಮಾಡಿ ಒಂದು ಸ್ಕೂಲು ಕೊಡಿಸಬೇಕು. ಅದರ ಕೆಳಗೆ ಸ್ಕೂಲಿಗೆ ಬರಲಿರುವ ಹನ್ನೊಂದು ಮಕ್ಕಳ ಹೆಸರು. ಏಳನೆಯದು, ದೊಡ್ಡ ಮುನಿಯಪ್ಪನ ಮಗ ಮುನಿಶಾಮಿ, ವಯಸ್ಸು ಆರು.

ಓದಿದ ಮೇಲೆ ನನಗೆ ಅರ್ಥವಾಯಿತು. ತಲೆ ಎತ್ತಿದೆ. ಅವನ ಬೆರಳುಗಳು ನಿಂತಿದ್ದವು. ಆ ಬೆರಳುಗಳು ಸುಮ್ಮನಿದ್ದದ್ದನ್ನು ನಾನು ಕಂಡದ್ದು ಅದೊಂದೇ ಸಲ.

“ಇನ್ನೊಂದ್ಸಲ ಓದಿ.”

ಓದಿದೆ. “ಕೆಳಗೆ ಕೆಂಪಗೆ ಏನೋ ಐತಲ್ಲ, ಅದೇನು?” ಎಂದ. ಯಾವುದೋ ಕಾಲದ ಸಾಹೇಬರು ಕೆಂಪು ಮಸಿಯಲ್ಲಿ ಎರಡು ಸಾಲು ಬರೆದಿದ್ದರು. ಸದ್ಯಕ್ಕೆ ಅವಶ್ಯಕತೆ ಕಾಣುವುದಿಲ್ಲ. ಕಟ್ಟಿ ಇಡುವುದು.

“ಇದು ಎಷ್ಟು ವರ್ಸದಿಂದ ಇಲ್ಲೈತೆ?”

“ನೀನು ಇಲ್ಲಿಗೆ ಸೇರುವುದಕ್ಕೆ ಎಷ್ಟೋ ಮುಂಚಿನಿಂದ.”

“ಅಂಗಾರೆ ಇಷ್ಟ್ ದಿನ ಕಟ್ಟಿ ಇಕ್ಕಿದ್ದೋನು ನಾನೇ.”

ಆಮೇಲೆ ಹೇಳಿದ, “ನಮ್ಮಪ್ಪ ನನ್ನ ಇಸ್ಕೂಲಿಗ್ ಆಕ್ಲಿಲ್ಲ, ದನ ಕಾಯಾಕ್ ಆಕ್ದ ಅಂತ ಅವ್ನ್ ಸಾಯೋಗಂಟ ಬೈದಿದ್ದೀನಿ ಸೋಮಿ. ಅವ್ನು ಒಂದ್ ಮಾತೂ ಆಡ್ಲಿಲ್ಲ. ಕೇಳಿದ್ನಾ ಅಂಗಾದ್ರೆ? ಅರ್ಜಿ ಬರೆಸಿ ಕೇಳಿದ್ನಾ?” ಅರ್ಜಿಯ ಕೊನೆಗೆ ಊರಿನವರ ಹೆಬ್ಬೆಟ್ಟುಗಳಿದ್ದವು. ಅವನ ಅಪ್ಪನದು ಯಾವುದು ಎಂದು ತೋರಿಸಿದೆ. ಕೂಡಲೇ ಮುಟ್ಟಲಿಲ್ಲ. ಕಾಗದಕ್ಕೆ ಬೆವರಿನ ಕೈ ತಾಗಬಾರದೆಂದು ಪಂಚೆಯಲ್ಲಿ ಕೈ ಒರೆಸಿಕೊಂಡು, ಆಮೇಲೆ ಮುಟ್ಟಿದ. ನಾನು ಎದ್ದು ಹೋಗಿ ಕಿಟಕಿ ತೆಗೆಯುವ ನೆಪ ಮಾಡಿದೆ. ತಿರುಗಿ ಬಂದಾಗ ಆ ಅರ್ಜಿ ಅಲ್ಲಿರಲಿಲ್ಲ. ಎಲ್ಲಿಟ್ಟೆ ಎಂದು ಕೇಳಿದರೆ “ಇರೋ ತಾವ ಐತೆ” ಎಂದ, ಅಷ್ಟೇ.

ಸೋಮವಾರ ಸಾಹೇಬರು ಬಂದರು. ಸಾಲಾಗಿ ಹೊಸ ಲಾಡಿ ಕಟ್ಟಿಕೊಂಡು ನಿಂತ ಕಟ್ಟುಗಳನ್ನು ಕಂಡು ಸಂತೋಷಪಟ್ಟರು. “ಮುನಿಶಾಮಿ, ಇದೇನು ಓದು” ಎಂದು ಒಂದು ಕಟ್ಟು ತೋರಿಸಿದರು. ಅವನು ಕನ್ನಡಕ ಸರಿಮಾಡಿಕೊಂಡು, ಧೂಳು ಒರೆಸುವವನ ಹಾಗೆ ಗಂಟಿನ ಮೇಲೆ ಬೆರಳಾಡಿಸಿ, “ಬಂಗಾರಪೇಟೆ ಪೇಟೆ, ಜನನದ ಪಟ್ಟಿ ಬುದ್ಧೀ” ಎಂದ. ಸರಿಯಾಗಿತ್ತು. ಇನ್ನೊಂದು ತೋರಿಸಿದರು. ಅದೂ ಸರಿ. ಮೂರನೆಯದನ್ನು ಮುಟ್ಟಿ, “ಕ್ಯಾಸಂಬಳ್ಳಿ ಕಡೆ, ಕೆರೆ ಕುಂಟೆ” ಎಂದ.

ಸಾಹೇಬರ ಹುಬ್ಬು ಮೇಲೇರಿತು. “ಏನಂದೆ? ಇಲ್ಲಿ ಕೂಲಿಗಳ ಪಟ್ಟಿ ಎಂದು ಬರೆದಿದೆಯಲ್ಲ. ಓದು ಸರಿಯಾಗಿ.”

ಮುನಿಶಾಮಣ್ಣ ಇನ್ನೊಂದು ಸಲ ಗಂಟು ಮುಟ್ಟಿದ. ಅವನ ಹಣೆಯ ಮೇಲೆ ಬೆವರು ಮೂಡಿದ್ದು ಕಂಡಿತು. ಆದರೂ ಮಾತು ಬದಲಾಯಿಸಲಿಲ್ಲ. “ಕೆರೆ ಕುಂಟೇನೇ ಬುದ್ಧೀ. ಬಿಚ್ಚಿ ನೋಡ್ಬೌದು.”

ಬಿಚ್ಚಿಸಿದರು. ಕೆರೆ, ಕುಂಟೆ. ಪಕ್ಕದ ಕಟ್ಟನ್ನೂ ಬಿಚ್ಚಿಸಿದರು. ಕೆರೆ ಕುಂಟೆ ಎಂದು ಚೀಟಿ ಅಂಟಿಸಿದ್ದ ಅದರೊಳಗೆ ಕೂಲಿಗಳ ಪಟ್ಟಿ. ಬಿ.ಎ. ಪಾಸು ಮಾಡಿದ ನಾನು ಎರಡರ ಚೀಟಿಯನ್ನು ಅದಲುಬದಲು ಅಂಟಿಸಿದ್ದೆ. ಆ ದಿನ ಸಾಹೇಬರಿಂದ ನಾನು ತಿಂದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. “ನಿಮ್ಮ ಚೀಟಿಯನ್ನು ಅವನು ಕಣ್ಣೆತ್ತಿ ನೋಡಲಿಲ್ಲ, ನೋಡಿದ್ದರೆ ಅವನೂ ಕೆಡುತ್ತಿದ್ದ. ಕಲಿಯಿರಿ ಅವನಿಂದ” ಎಂದರು. ಅಷ್ಟು ಸಂತೋಷದಿಂದ ನಾನು ಯಾವತ್ತೂ ಬೈಸಿಕೊಂಡಿಲ್ಲ. ಮುನಿಶಾಮಣ್ಣ ಕನ್ನಡಕದ ಕಿಟಕಿಯಿಂದ ನನ್ನನ್ನೊಮ್ಮೆ ನೋಡಿದ. ಮೀಸೆಯಡಿ ನಗು ಇತ್ತು.

ಎರಡು ವರ್ಷದ ಮೇಲೆ ಅವನೇ ಬಾಗಿಲು ಹಾಕಿ, ಅವನೇ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟ. ಆ ಬೀಗದ ಕೈಗೆ ಕಟ್ಟಿದ್ದ ದಾರದಲ್ಲಿ ಎಂಥ ಗಂಟಿತ್ತೋ, ಇವತ್ತಿಗೂ ಬಿಚ್ಚಿಲ್ಲ.

ಆಮೇಲೆ ಒಂದೇ ಒಂದು ಸಲ ಬಂದ. ಯುದ್ಧ ನಡೆಯುತ್ತಿದ್ದ ಕಾಲ. ಮಧ್ಯಾಹ್ನದ ರೈಲಿಗೆ ಮೊಮ್ಮಗಳ ಕೈ ಹಿಡಿದುಕೊಂಡು ಇಳಿದ. ಸ್ಕೂಲಿಗೆ ಸೇರಿಸಿದ್ದೀನಿ, ಇವಳೇ ಈಗ ಮನೆಯ ಮೇಷ್ಟ್ರು, ಸಂಜೆಯಾದರೆ ತಾತನನ್ನೂ ಸ್ಲೇಟು ಹಿಡಿಸಿ ಕೂರಿಸುತ್ತಾಳೆ ಎಂದು ಹೇಳಿಕೊಂಡು ನಕ್ಕ. ಮೈ ತೀರ ಇಳಿದುಹೋಗಿತ್ತು. “ಒಂದ್ ಗಳಿಗೆ ಕೋಣೆಯಾಗೆ ಓಗ್ ಬರ್ಲಾ ಸೋಮಿ?” ಎಂದು ಕೇಳಿದ. ಬೀಗ ತೆಗೆದು ಕೊಟ್ಟೆ. ಮಗು ನನ್ನ ಮೇಜಿನ ಪಕ್ಕ ನಿಂತು ಮಗ್ಗಿ ಒಪ್ಪಿಸಿತು. ಅವನು ಹೊರಗೆ ಬಂದಾಗ ತೋರುಬೆರಳಿಗೆ ಮಸಿ ಹತ್ತಿತ್ತು. ನಮ್ಮ ಹಳೆಯ ಮಸಿ ಕುಡಿಕೆ ಮಗುಚಿದೆಯಾ ಎಂದು ಕೇಳಿದೆ. “ಊಂ, ಅಂಗೇ ಏನೋ” ಎಂದು ಬೆರಳನ್ನು ಪಂಚೆಗೆ ಒರೆಸಿಕೊಂಡ. ಆ ಚಳಿಗಾಲ ಕಳೆಯುವುದರೊಳಗೆ ತೀರಿಕೊಂಡ. ಸುದ್ದಿ ನನಗೆ ಮುಟ್ಟಿದ್ದು ತಿಂಗಳ ಮೇಲೆ.

ಯುದ್ಧ ಮುಗಿದ ವರ್ಷ ವಿಶ್ವವಿದ್ಯಾನಿಲಯದಿಂದ ಇಬ್ಬರು ಬಂದರು. ನಾಡಿನ ಚರಿತ್ರೆಗೆ ಹಳೆಯ ಕಾಗದ ಕೂಡಿಡುತ್ತಿದ್ದಾರಂತೆ, ನಮ್ಮ ಕೋಣೆಯದನ್ನೂ ಕೊಡಿ ಎಂದರು. ಒಳ್ಳೆಯ ಕೆಲಸ. ಆದರೆ ಅವರಲ್ಲಿ ಚಿಕ್ಕವನು ಚೀಲದಿಂದ ಮೊದಲು ತೆಗೆದದ್ದು ಕತ್ತರಿ. ನಾನು ಅದನ್ನು ಅವನ ಕೈಯಿಂದ ಕಿತ್ತುಕೊಂಡೆ. ಮುನಿದುಕೊಂಡರೆ ಮುನಿದುಕೊಳ್ಳಲಿ. ಮೂರು ದಿನ ಕೂತು ನಾನೇ ಒಂದೊಂದು ಗಂಟೂ ಬಿಚ್ಚಿದೆ, ಇದು ಎತ್ತಿನದು, ಇದು ತೊಟ್ಟಿಲದು ಎಂದು ಹೇಳಿ ಬರೆಸಿದೆ. ಮೊದಮೊದಲು ನಕ್ಕರು. ಎರಡನೆಯ ದಿನದಿಂದ ಪ್ರಶ್ನೆ ಕೇಳತೊಡಗಿದರು.

ಮೂರನೆಯ ದಿನ, ಸೂರಿನ ಸಂದಿಯಲ್ಲಿ ಒಂದು ಸಣ್ಣ ಕಟ್ಟು ಸಿಕ್ಕಿತು. ಅದರ ಗಂಟು ಅವನು ನನಗೆ ಹೇಳಿಕೊಟ್ಟವುಗಳಲ್ಲಿ ಇರಲಿಲ್ಲ. ತಿರುಗಿಸಿ ತಿರುಗಿಸಿ ನೋಡಿದೆ. ಕೈ ಮೊದಲು ಗುರುತಿಸಿತು, ಆಮೇಲೆ ತಲೆಗೆ ಹೋಯಿತು. ಸ್ಲೇಟಿನ ಕಟ್ಟಿಗೆ ತೂತು ಮಾಡಿ, ಒರೆಸುವ ಬಟ್ಟೆ ತುಂಡನ್ನು ಕಟ್ಟುತ್ತೇವಲ್ಲ, ಆ ಗಂಟು. ಚಿಕ್ಕಂದಿನಲ್ಲಿ ನಾನೂ ಹಾಕಿದ್ದೆ. ಒಳಗೆ ಒಂದೇ ಒಂದು ಕಾಗದ, ಚಿಂತಕುಂಟೆಯವರ ಅರ್ಜಿ. ಹನ್ನೊಂದು ಹೆಸರು. ಏಳನೆಯ ಹೆಸರಿನ ಮುಂದೆ, ನೀಲಿ ಮಸಿಯಲ್ಲಿ, ಒಂದು ಮೇಲೆ ಒಂದು ಕೆಳಗೆ ಹೋಗುವ ದಪ್ಪ ದಪ್ಪ ಅಕ್ಷರದಲ್ಲಿ ಬರೆದಿತ್ತು, “ಆಜರ್.”

ಸಾಸಿವೆಯಷ್ಟು ಪೆನ್ಸಿಲ್ ಗುರುತಿಗೆ ಎರಡು ದಿನ ಮಾತು ಬಿಟ್ಟಿದ್ದ ಮನುಷ್ಯ.

“ಅಯ್ಯೋ, ಯಾರೋ ದಾಖಲೆಯ ಮೇಲೆ ಗೀಚಿ ಹಾಳುಮಾಡಿದ್ದಾರಲ್ಲ ಸಾರ್” ಎಂದ ಚಿಕ್ಕವನು. ದೊಡ್ಡವರು ನನ್ನ ಮುಖ ನೋಡಿ ಅವನಿಗೆ ಸುಮ್ಮನಿರಲು ಸನ್ನೆ ಮಾಡಿದರು. ಲೇಖನಿ ಹಿಡಿದುಕೊಂಡು, “ಇದನ್ನು ಯಾವ ವಿಷಯದ ಕೆಳಗೆ ಬರೆದುಕೊಳ್ಳಲಿ?” ಎಂದು ಕೇಳಿದರು.

“ಚಿಂತಕುಂಟೆ ಸ್ಕೂಲು ಅಂತ ಬರೆಯಿರಿ.”

ಅವರು ಕೆಂಪು ಮಸಿಯ ಸಾಲು ಓದಿದರು. “ಆದರೆ ಈ ಸ್ಕೂಲು ಆಗಲೇ ಇಲ್ಲವಲ್ಲ.”

“ಒಬ್ಬ ಹುಡುಗ ಬಂದು ಹಾಜರಿ ಹಾಕಿ ಹೋಗಿದ್ದಾನಲ್ಲ ಸ್ವಾಮಿ, ಬರೆಯಿರಿ” ಎಂದೆ.

ಬರೆದುಕೊಂಡರು.